ಇಂಧನ ಹೆಚ್ಚಿರುವ ದೊಡ್ಡ ನಕ್ಷತ್ರ ಸೂರ್ಯನಿಗಿಂತ ಬೇಗ ಸಾಯುವುದೇಕೆ?

ಇಂಧನ ಹೆಚ್ಚಿದ್ದಕ್ಕಿಂತ ಅದರ ಖರ್ಚು ಹಲವು ಪಟ್ಟು ಹೆಚ್ಚುತ್ತದೆ, ಅದಕ್ಕೆ. ದ್ರವ್ಯರಾಶಿ ಹೆಚ್ಚಿದಷ್ಟೂ ಗುರುತ್ವದ ಕುಸಿತ ತಡೆಯಲು ಗರ್ಭ ಹೆಚ್ಚು ಬಿಸಿಯಾಗಿರಬೇಕು. ಸೂರ್ಯನ ಗರ್ಭ ಸುಮಾರು 1.5 ಕೋಟಿ ಡಿಗ್ರಿ. ಅದಕ್ಕಿಂತ ಸ್ವಲ್ಪ ಮೇಲೇರಿದರೆ ಇಂಗಾಲ-ಸಾರಜನಕ-ಆಮ್ಲಜನಕ ಚಕ್ರ (ಈ ಧಾತುಗಳ ನೆರವಿನಿಂದ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಬಗೆ) ಮೇಲುಗೈ ಪಡೆಯುತ್ತದೆ. ಉಷ್ಣತೆ ತುಸು ಏರಿದರೂ ಅದರ ವೇಗ ಜಿಗಿಯುತ್ತದೆ. ಹೀಗಾಗಿ ಸೂರ್ಯನ 10 ಪಟ್ಟು ದ್ರವ್ಯರಾಶಿಯ ನಕ್ಷತ್ರ ಸಾವಿರಾರು ಪಟ್ಟು ಬೆಳಗಿ, 2-3 ಕೋಟಿ ವರ್ಷಗಳಲ್ಲಿ ಮುಗಿಯುತ್ತದೆ. ಸೂರ್ಯನಿಗೆ ಸುಮಾರು 1000 ಕೋಟಿ.

ನಮ್ಮ ಆರ್ದ್ರಾ ನಕ್ಷತ್ರ (ಬೀಟಲ್‌ಜ್ಯೂಸ್) ಹುಟ್ಟಿ ಸುಮಾರು 1 ಕೋಟಿ ವರ್ಷವಷ್ಟೇ, ಆಗಲೇ ಕೆಂಪು ಮಹಾದೈತ್ಯ, ಅಂದರೆ ಕೊನೆಗಾಲದಲ್ಲಿ ಉಬ್ಬಿದ ಭಾರೀ ನಕ್ಷತ್ರ!

ಹೈಡ್ರೋಜನ್ ಮುಗಿದ ಮೇಲೆ ಇಂಥ ನಕ್ಷತ್ರದ ಗರ್ಭ ಒಂದೊಂದಾಗಿ ಹೆಚ್ಚು ಭಾರದ ಧಾತುಗಳನ್ನು ಬೆಸೆಯುತ್ತದೆ; ಕೊನೆಯ ಹಂತಗಳಂತೂ ಅತಿ ಚುಟುಕು. ಸಿಲಿಕಾನ್ ಕೆಲವೇ ದಿನಗಳಲ್ಲಿ ಉರಿದು ಕಬ್ಬಿಣದ ಗರ್ಭ ಉಳಿಯುತ್ತದೆ. ಕಬ್ಬಿಣ ಬೆಸೆದರೆ ಶಕ್ತಿ ಸಿಗುವುದಿಲ್ಲ. ಆ ಗರ್ಭ ಸೂರ್ಯನ ದ್ರವ್ಯರಾಶಿಯ ಸುಮಾರು 1.4 ಪಟ್ಟು ಮುಟ್ಟಿದಾಗ ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ; ಸಾಮಾನ್ಯವಾಗಿ ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿದು, ನ್ಯೂಟ್ರಾನ್ ನಕ್ಷತ್ರ ಎಂಬ ಅತಿ ಸಾಂದ್ರ ಉಂಡೆ ಉಳಿಯುತ್ತದೆ.