ಯಾವ ಕಂಪನಿ ಬ್ಯಾಟರಿ ಅಂತ ಕೇಳೋಕಿಂತ ಮೊದ್ಲು ಬಾನೆಟ್ ಎತ್ತಿ ವೋಲ್ಟ್ ಮೀಟರ್ ಹಿಡೀರಿ

ಡೀಸೆಲ್ ಗಾಡಿ, ಎರಡೇ ವರ್ಷಕ್ಕ ಬ್ಯಾಟರಿ ಹೋತು, ಈ ಸಲ ದೊಡ್ಡ ಆಂಪಿಯರ್‌ದು ಹಾಕಿಸ್ಲಾ, ಯಾವ ಕಂಪನಿದು ಛಲೋ ಅಂತ ಕೇಳೀರಿ. ಇದ ಪ್ರಶ್ನಿ ಹಿಡ್ಕೊಂಡು ನಾನೂ ಗಂಗಾವತಿಯಾಗ ಅಂಗಡಿ ಅಂಗಡಿ ತಿರುಗೀನ್ರಿ. ಎಲ್ಲಾರೂ ಉತ್ತರ ಕೊಟ್ರು, ಒಬ್ಬನೂ ಬಾನೆಟ್ ಎತ್ತಿ ನೋಡ್ಲಿಲ್ಲ. ನಾನೂ ಎತ್ರಿ ಅನ್ಲಿಲ್ಲ ಬಿಡ್ರಿ.

ನಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ. ಮುಂಜಾನಿ ಚಾವಿ ತಿರುವಿದ್ರ ಬರೇ ಟಕ್ ಟಕ್, ಸೆಲ್ಫ್ ತಿರುಗ್ತಿದ್ದಿಲ್ಲ, ಓಣಿ ಹುಡುಗ್ರನ್ನ ಕರೆದು ತಳ್ಳಿಸಿ ತಳ್ಳಿಸಿ ಮಾನ ಹೋಗಿತ್ತು. ಆಗ ಮೊಬೈಲ್‌ನಾಗ ಅಮರಾನ್ ಛಲೋನೋ ಎಕ್ಸೈಡ್ ಛಲೋನೋ ಅಂತ ರಾತ್ರಿ ಎಲ್ಲಾ ಓದಿ, ಕಡೀಕ ಎಲ್ಲಾಕಿಂತ ವಾರಂಟಿ ಜಾಸ್ತಿ ಇರೋ ಬ್ಯಾಟರಿ ತಗೊಂಡೆ. ಯಾವ ಕಂಪನಿದು ಅಂತ ಹೇಳಂಗಿಲ್ಲ, ಯಾಕಂದ್ರ ತಪ್ಪು ಅದರದಲ್ಲ. ಹಾಕಿದ ಕೂಡ್ಲೆ ಗಾಡಿ ಒಂದ ಹೊಡ್ತಕ್ಕ ಸ್ಟಾರ್ಟ್. ಹಳೇದು ಗುಜರಿ ರೇಟಿನಾಗ ಕೊಟ್ಟು ಬಂದೆ.

ಇಲ್ಲೇ ನೋಡ್ರಿ ನಾ ಎಡವಿದ್ದು. ಹೊಸ ಬ್ಯಾಟರಿ ಹಾಕಿದ್ರ ಬಹಳಷ್ಟು ಗಾಡಿ ಸ್ಟಾರ್ಟ್ ಆಗ್ತಾವ, ಡೈನಮೋ (ಇಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡೋದು) ಕೆಟ್ಟಿರ್ಲಿ, ಅರ್ಥಿಂಗ್ ವೈರ್ ಸಡ್ಲಾಗಿರ್ಲಿ, ಹೊಸ ಬ್ಯಾಟರಿ ಅಂಗಡಿಯಿಂದ ಬರುವಾಗ್ಲೇ ತುಂಬಿಕೊಂಡು ಬಂದಿರತೈತಿ. ಸ್ಟಾರ್ಟ್ ಆತು ಅಂದ ಮ್ಯಾಲ ಹಳೇ ಬ್ಯಾಟರಿದ ತಪ್ಪು ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ. ಹಳೇದು ಯಾಕ ಸತ್ತಿತ್ತು ಅಂತ ನಾ ಕೇಳ್ಲೇ ಇಲ್ಲ.

ಥಂಡಿ ದಿನ ಪೂರಾ ಏನೂ ತೊಂದ್ರಿ ಇಲ್ಲ. ಬ್ಯಾಸಿಗಿ ಶುರು ಆದ್ಮ್ಯಾಲ ಹೆಡ್‌ಲೈಟ್ ಬಲ್ಬ್ ಮ್ಯಾಲಿಂದ ಮ್ಯಾಲ ಹೋಗಾಕ ಹತ್ತಿದ್ವು, ಸೋವಿ ಬಲ್ಬ್ ಅಂತ ಅಂಗಡಿಯವಂಗ ಬೈದೆ. ಗಾಡಿ ನಿಲ್ಲಿಸಿದ್ರ ಕೊಳೆತ ತತ್ತಿ ವಾಸನಿ ಬರ್ತಿತ್ತು, ಭತ್ತದ ಗದ್ದಿ ಕಡೆ ರಸ್ತಾ, ಕಾಲುವಿ ರೊಜ್ಜಿನ ವಾಸನಿ ಇರಬೇಕು ಅಂದ್ಕೊಂಡೆ. ಒಂದಿನ ಸಿಂಧನೂರಿಂದ ರಾತ್ರಿ ವಾಪಸ್ ಬರುವಾಗ ಕಾರಟಗಿಯಾಗ ಚಾ ಕುಡಿಯಾಕ ನಿಲ್ಲಿಸಿದೆ, ಮತ್ತ ಗಾಡಿ ಏಳಲಿಲ್ಲ. ಟಾರ್ಚ್ ಹಿಡಿದು ನೋಡಿದ್ರ ಬ್ಯಾಟರಿ ಎರಡೂ ಮಗ್ಗಲ ಉಬ್ಬಿ ನಿಂತೈತಿ.

ವಾರಂಟಿ ಐತಲ್ಲ ಅಂತ ಧೈರ್ಯದಾಗ ಹೋದೆ. ಅವರು ಚೆಕ್ ಮಾಡಿ, ಓವರ್ ಚಾರ್ಜ್, ಗಾಡಿ ದೋಷ, ವಾರಂಟಿ ಬರಂಗಿಲ್ಲ ಅಂದ್ರು. ನಾ ಜಗಳಾ ಮಾಡಿದೆ. ಆಮ್ಯಾಲ ಕಾರ್ಡ್ ಹಿಂದ ಸಣ್ಣ ಅಕ್ಷರದಾಗ ಓದಿದ್ರ ಹಂಗ ಬರ್ದಿತ್ತು, ಗಾಡಿ ವೈರಿಂಗ್ ದೋಷಕ್ಕ ವಾರಂಟಿ ಇಲ್ಲ ಅಂತ.

ಕಡೀಕ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಚಾಚಾ ಇಂಜಿನ್ ಚಾಲೂ ಮಾಡ್ಸಿ ಮೀಟರ್ ಹಿಡಿದ್ರು. 15.8 ವೋಲ್ಟ್! "ಕಟೌಟ್ ಹೋಗೈತಿ ತಮ್ಮಾ, ನಿನ್ನ ಹಿಂದಿನ ಬ್ಯಾಟರಿನೂ ಇದ್ರಿಂದನ ಹೋಗಿರಬೇಕು" ಅಂದ್ರು. ಕಟೌಟ್ ಅಂದ್ರ ಡೈನಮೋದಾಗಿನ ರೆಗ್ಯುಲೇಟರ್, ವೋಲ್ಟೇಜ್ ಹದ್ದಿನಾಗ ಇಡೋದು. ಇಂಜಿನ್ ಚಾಲೂ ಇದ್ದಾಗ ಸಾಮಾನ್ಯ ಗಾಡಿಯಾಗ 13.8 ರಿಂದ 14.5 ಇರಬೇಕು. ಅದು ಕೆಟ್ರ ಹೊಟ್ಟಿ ತುಂಬಿದವನ ಬಾಯಾಗ ಮತ್ತ ತುರುಕಿದಂಗ ಕರೆಂಟ್ ಹೋಗ್ತಾನ ಇರತೈತಿ, ಒಳಗಿನ ನೀರು ಒಡದು ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿ ಹೋಗತೈತಿ, ಪ್ಲೇಟ್ ಬಯಲಾಗ್ತಾವ, ಕಾಯ್ತಾವ, ಉಬ್ಬತೈತಿ. ಅದರ ಮ್ಯಾಲ ನಮ್ಮ ಕಡೆ ಬ್ಯಾಸಿಗಿ 42 ಡಿಗ್ರಿ, ಬಾನೆಟ್ ಒಳಗ ಇನ್ನೂ ಜಾಸ್ತಿ. ಪ್ರತಿ 10 ಡಿಗ್ರಿ ಏರಿದ್ರ ಬ್ಯಾಟರಿ ಆಯುಷ್ಯ ಸುಮಾರು ಅರ್ಧಾ ಆಗತೈತಿ ಅಂತ ಒಂದು ಲೆಕ್ಕ ಐತಿ. ಬಲ್ಬ್ ಹೋಗಿದ್ದೂ ಹೆಚ್ಚು ವೋಲ್ಟೇಜಿಗೆ, ತತ್ತಿ ವಾಸನಿನೂ ಅದಕ್ಕ. (ಆ ವಾಸನಿ ಬಂದಾಗ ಬೀಡಿ, ಕಡ್ಡಿ ಹತ್ರ ಒಯ್ಯಬ್ಯಾಡ್ರಿ, ಹೈಡ್ರೋಜನ್ ಹತ್ಕೊಂತೈತಿ.) ಕಟೌಟಿಗೆ ಆಗಿದ್ದು ಬ್ಯಾಟರಿ ರೇಟಿನಾಗ ಒಂದು ಮೂಲಿ ರೊಕ್ಕ. ಅಷ್ಟಕ್ಕ ನಾ ಎರಡು ಬ್ಯಾಟರಿ ಕಳ್ಕೊಂಡೆ.

ಅದಕ್ಕ ನಿಮ್ಮ ಪ್ರಶ್ನಿನ ನಂಗ ಸರಿ ಅನಸಂಗಿಲ್ಲ. ಎರಡು ವರ್ಷಕ್ಕ ಹೋಗಿದ್ದು ಯಾಕ ಅಂತ ಕೇಳ್ರಿ. ಬಿಸಿಲಿಗೇ ಹೋಗಿರಬಹುದು, ನಮ್ಮ ಕಡೆ ಅದೇನು ಹೊಸದಲ್ಲ, ಆದ್ರೂ ಮೀಟರ್ ಹಿಡಿದ ಮ್ಯಾಲ ಬಿಸಿಲಿಗೆ ಬೈರಿ. ರಾತ್ರಿ ಎಲ್ಲಾ ನಿಂತ ಗಾಡಿಗೆ ಮುಂಜಾನಿ ಮೀಟರ್ ಹಿಡಿದ್ರ 12.6 ಹತ್ರ ಇದ್ರ ಪೂರಾ ಚಾರ್ಜ್, 12.2 ಅಂದ್ರ ಅರ್ಧಾ, 12 ರ ಕೆಳಗ ಅಂದ್ರ ಇಳಿದುಬಿಟ್ಟೈತಿ. ಇಂಜಿನ್ ಚಾಲೂ ಮಾಡಿ, ಏಸಿ ಲೈಟ್ ಹಚ್ಚಿದಾಗ 13 ರ ಆಸುಪಾಸು ಮಲಗಿದ್ರ ಡೈನಮೋ ಸರಿ ಚಾರ್ಜ್ ಮಾಡ್ತಿಲ್ಲ, ಬೆಲ್ಟ್, ಅರ್ಥಿಂಗ್, ಟರ್ಮಿನಲ್ ಮ್ಯಾಲಿನ ಬಿಳಿ ಪುಡಿ ನೋಡ್ರಿ. 15 ದಾಟಿದ್ರ ನನ್ನ ಕಥೀನ. ಇಂಜಿನ್ ಚಾಲೂ ಇದ್ದಾಗಿನ ರೀಡಿಂಗ್ ಸರಿ ಇದ್ದು ಮುಂಜಾನಿ ಮಾತ್ರ ಇಳಿದಿದ್ರ ಆಮ್ಯಾಲ ಹಾಕಿಸಿದ ಜಿಪಿಎಸ್, ಮ್ಯೂಸಿಕ್ ಸಿಸ್ಟಮ್ ಮ್ಯಾಲ ಕಣ್ಣಿಡ್ರಿ. ಲಾಕ್ ಮಾಡಿ ನಿಂತ ಗಾಡಿ 50 ಮಿಲಿ ಆಂಪಿಯರ್ ಒಳಗ ಎಳೀಬೇಕು. 200 ಎಳೀತಿದ್ರ ದಿನಕ್ಕ ಹತ್ರಹತ್ರ 5 ಆಂಪಿಯರ್ ಅವರ್ ಹೋತು, 35 ಆಂಪಿಯರ್ ಅವರ್ ಬ್ಯಾಟರಿ ಒಂದು ವಾರಕ್ಕ ಖಾಲಿ.

ದೊಡ್ಡದು ಹಾಕಿಸ್ಲಾ ಅಂದ್ರ, ಬ್ಯಾಡ್ರಿ. ಮ್ಯಾನುಯಲ್‌ನಾಗ ಇದ್ದ ಸೈಜ್ ಹಾಕಿಸ್ರಿ. ಟ್ರೇನಾಗ ಸರಿ ಕೂಡ್ಲಿಲ್ಲ, ಕ್ಲಾಂಪ್ ಬಿಗಿ ಆಗ್ಲಿಲ್ಲ ಅಂದ್ರ ನಮ್ಮ ರಸ್ತಾ ಕುಲುಕಾಟಕ್ಕ ಒಳಗಿನ ಪ್ಲೇಟ್ ಬೇಗ ಹಾಳಾಗ್ತಾವ. ಹಳೇ ಬ್ಯಾಟರಿ ಮ್ಯಾಲ 38ಬಿ20ಎಲ್ ಅಂತ ಇದ್ರ ಆ ಕೊನೇ ಎಲ್, ಆರ್ ನೋಡೇ ತಗೋರಿ, ಪ್ಲಸ್ ಮೈನಸ್ ಅದಲು ಬದಲು ಇರ್ತಾವ, ಕೇಬಲ್ ಮುಟ್ಟಂಗಿಲ್ಲ. ಸಿಸಿಎ (ಥಂಡಿಯಾಗ ಇಂಜಿನ್ ಸ್ಟಾರ್ಟ್ ಮಾಡೋ ತಾಕತ್ತು) ಜಾಸ್ತಿ ಐತಿ ಅಂತ ಅಂಗಡಿಯಾಗ ಹೊಗಳ್ತಾರ, ಅದನ್ನ ಅಳೆಯೋದು ಮೈನಸ್ 18 ಡಿಗ್ರಿಯಾಗ, ಕೊಪ್ಪಳ ಜಿಲ್ಲೆಯಾಗ ಅದು ಯಾವ ಕಾಲಕ್ಕ ಬರತೈತಿ? ಡೀಸೆಲ್‌ಗೆ ಕಂಪನಿ ಹೇಳಿದಷ್ಟು ಇದ್ರ ಸಾಕು. ಸಿಗ್ನಲ್‌ನಾಗ ತಾನ ಬಂದ್ ಆಗಿ ತಾನ ಚಾಲೂ ಆಗೋ ಗಾಡಿ ಇದ್ರ ಮಾತ್ರ ಬ್ಯಾರೆ, ಅದಕ್ಕ ಮ್ಯಾಲಿಂದ ಮ್ಯಾಲ ಸ್ಟಾರ್ಟ್ ಮಾಡೋದು ತಾಳೋ ಇಎಫ್‌ಬಿ ಇಲ್ಲಾ ಎಜಿಎಂ ಅನ್ನೋ ಬ್ಯಾಟರಿನ ಬೇಕು.

ವಾರಂಟಿ 60 ತಿಂಗಳು ಅಂದ್ರ ಹಿಗ್ಗಬ್ಯಾಡ್ರಿ, ಅದ್ರಾಗ ಫ್ರೀ ಬದಲಿ ಎಷ್ಟು ತಿಂಗಳು, ಪ್ರೊರೇಟಾ (ಬಳಸಿದ ತಿಂಗಳ ಲೆಕ್ಕದಾಗ ಬರೇ ರಿಯಾಯ್ತಿ ಕೊಡೋದು) ಎಷ್ಟು ತಿಂಗಳು ಕೇಳ್ರಿ. ಪ್ರೊರೇಟಾದಾಗ ರಿಯಾಯ್ತಿ ಸಾಮಾನ್ಯ ಎಂಆರ್‌ಪಿ ಮ್ಯಾಲ ಕೊಡ್ತಾರ, ಅಂಗಡಿ ರೇಟು ಮೊದ್ಲ ಕಡಿಮಿ ಇರೋದ್ರಿಂದ ಕೈಗೆ ಬರೋದು ಅಷ್ಟಕ್ಕಷ್ಟೆ. ತಯಾರಾದ ತಿಂಗಳು ನೋಡ್ರಿ, ಅಂಗಡಿ ಮೂಲ್ಯಾಗ ಆರು ತಿಂಗಳು ಧೂಳು ತಿಂದಿದ್ದು ನಾ ಅಂತೂ ತಗೊಳಂಗಿಲ್ಲ. ಕಂಪನಿ? ಹೆಸರಾಂತ ಎರಡು ಮೂರ್ರಾಗ ಯಾವುದು ನಿಮ್ಮೂರಾಗ ಹೊಸ ಸ್ಟಾಕ್ ಸಿಗತೈತಿ, ಯಾರ ಸರ್ವಿಸ್ ಹತ್ರ ಐತಿ, ಅದ.

ಮುಂಜಾನಿ ರೀಡಿಂಗ್ ಒಂದು, ಇಂಜಿನ್ ಚಾಲೂ ಇದ್ದಾಗಿಂದು ಒಂದು, ಎರಡೂ ಇಲ್ಲಿ ಹಾಕ್ರಿ. ಮೀಟರ್ ಇಲ್ಲಂದ್ರ ಯಾವುದಾದ್ರೂ ಎಲೆಕ್ಟ್ರಿಕಲ್ ಅಂಗಡ್ಯಾಗ ಸೋವಿಗೆ ಸಿಗತೈತಿ. ಅಲ್ಲೀತನ ಹೊಸಾದಕ್ಕ ಅಡ್ವಾನ್ಸ್ ಕೊಡಬ್ಯಾಡ್ರಿ.