ಮೂವತ್ತು ದಾಟಿದ ವೈಡ್ ರಿಸೀವರ್‌ನನ್ನು ಡ್ರಾಫ್ಟ್‌ನಲ್ಲಿ ತಗೊಳ್ಳೋದಾ, ಬಿಡೋದಾ?

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಅಮೆರಿಕನ್ ಫುಟ್‌ಬಾಲ್‌ನ (ಎನ್ಎಫ್ಎಲ್) 12 ತಂಡಗಳ ಫ್ಯಾಂಟಸಿ ಲೀಗ್, ಹಿಡಿದ ಪ್ರತಿ ಕ್ಯಾಚ್‌ಗೂ ಒಂದು ಅಂಕ ಸಿಗುವ ಪಿಪಿಆರ್ ಪದ್ಧತಿ, ಸೆಪ್ಟೆಂಬರ್ ಶುರುವಿನ ಲೇಬರ್ ಡೇ ವಾರಾಂತ್ಯಕ್ಕೆ ಡ್ರಾಫ್ಟ್ (ಸರದಿಯಲ್ಲಿ ಆಟಗಾರರ ಆಯ್ಕೆ), ಮೂವತ್ತು ದಾಟಿದ, ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳ ಹೆಸರನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿದ್ದೀರಿ, ಅದು ಸರಿಯೇ ಅಂತ. ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಐದರಿಂದ ಎಂಟನೇ ರೌಂಡ್‌ವರೆಗೆ ಸಿಗುವ ಗಟ್ಟಿ ಆಟಗಾರರನ್ನು ನೀವಾಗಿಯೇ ಎದುರಾಳಿಗೆ ಬಿಟ್ಟುಕೊಡುತ್ತಿದ್ದೀರಿ. ಹಾಗಂತ ಇದೇ ಚರ್ಚೆಯಲ್ಲಿ ಇನ್ನೊಬ್ಬರು "ಹೆಸರು ನೋಡಿ ತಗೊಳ್ಳಿ, ಅನುಭವ ಎಲ್ಲೂ ಹೋಗಲ್ಲ" ಅಂದಿದ್ದಾರಲ್ಲ, ಅದನ್ನೂ ಒಪ್ಪಲಾರೆ. ಅನುಭವ ಹೋಗುವುದಿಲ್ಲ ನಿಜ, ಕಾಲು ಹೋಗುತ್ತದೆ.

ನಾನು ನೋಡುವುದು ಒಂದೇ ವಿಷಯ. ಹಿಂದಿನ ಸೀಸನ್‌ನಲ್ಲಿ ಅವನ ಅಂಕಿ ಇಳಿದಿದ್ದರೆ, ಯಾಕೆ ಇಳಿಯಿತು? ಕಾರಣ ಅವನ ಕಾಲಿನಲ್ಲಿದ್ದರೆ ಬಿಡಿ. ಚೆಂಡು ಎಸೆಯುವವನ ಕೈಯಲ್ಲಿದ್ದರೆ, ಬೆಲೆ (ಅಂದರೆ ಅವನಿಗೆ ಖರ್ಚು ಮಾಡಬೇಕಾದ ರೌಂಡ್) ಇಳಿದಿರುವಾಗಲೇ ತಗೊಳ್ಳಿ.

ಇದಕ್ಕೆ ಎರಡು ಹಳೆಯ ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. ಲ್ಯಾರಿ ಫಿಟ್ಜ್‌ಜೆರಾಲ್ಡ್ 2012ರಲ್ಲಿ ಅರಿಜೋನಾ ಪರ 156 ಟಾರ್ಗೆಟ್‌ಗೆ (ಅಂದರೆ ಅವರತ್ತ ಎಸೆದ 156 ಚೆಂಡಿಗೆ) 71 ಕ್ಯಾಚ್ ಹಿಡಿದರು. 798 ಯಾರ್ಡ್, 4 ಟಚ್‌ಡೌನ್. ಎ.ಜೆ. ಗ್ರೀನ್ 2020ರಲ್ಲಿ ಸಿನ್ಸಿನಾಟಿ ಪರ 104 ಟಾರ್ಗೆಟ್‌ಗೆ 47 ಕ್ಯಾಚ್, 523 ಯಾರ್ಡ್, 2 ಟಚ್‌ಡೌನ್. ಇಬ್ಬರದೂ ನೂರಕ್ಕೆ 45ರ ಆಸುಪಾಸು. ಅಂಕಿ ಮಾತ್ರ ನೋಡಿದವರಿಗೆ ಇಬ್ಬರೂ ಮುಗಿದ ಹಾಗೇ ಕಾಣುತ್ತಾರೆ, ಅಲ್ವಾ?

ಈಗ ಸುತ್ತಮುತ್ತ ನೋಡಿ. 2012ರ ಅರಿಜೋನಾದಲ್ಲಿ ಕೋಲ್ಬ್, ಸ್ಕೆಲ್ಟನ್, ಲಿಂಡ್ಲಿ, ಹೋಯರ್ ಅಂತ, ಚೆಂಡು ಎಸೆಯುವ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳು ಬಂದು ಹೋದರು. ಮೊದಲ ನಾಲ್ಕು ಪಂದ್ಯ ಗೆದ್ದ ತಂಡ 5-11ಕ್ಕೆ ಸೀಸನ್ ಮುಗಿಸಿತು. ಡಿಸೆಂಬರ್‌ನಲ್ಲಿ ಸಿಯಾಟಲ್ ಎದುರು 58-0 ಸೋಲು. ಅಂಥ ತಂಡದಲ್ಲಿ ಯಾವ ರಿಸೀವರ್ ಏನು ಮಾಡಲು ಸಾಧ್ಯ? ಮುಂದಿನ ವರ್ಷ ಬ್ರೂಸ್ ಏರಿಯನ್ಸ್ ಕೋಚ್ ಆಗಿ ಬಂದರು, ಕ್ವಾರ್ಟರ್‌ಬ್ಯಾಕ್ ಆಗಿ ಕಾರ್ಸನ್ ಪಾಮರ್ ಬಂದರು. ಏರಿಯನ್ಸ್ ಅವರು ಫಿಟ್ಜ್‌ಜೆರಾಲ್ಡ್‌ರನ್ನು ಹೊರಗಿನ ಗೆರೆಯಿಂದ ಒಳಗೆ, ಸ್ಲಾಟ್‌ಗೆ ತಂದರು. 2014ರಲ್ಲಿ ಪಾಮರ್‌ಗೆ ಗಾಯವಾಗಿ ಮತ್ತೆ ಅಂಕಿ ಕುಸಿಯಿತು, 784 ಯಾರ್ಡ್. ಜನ ಮತ್ತೆ ಮುಗೀತು ಅಂದರು. ಪಾಮರ್ ವಾಪಸ್ ಬಂದ ಮೇಲೆ ಆದದ್ದು ಹೀಗೆ: 2015ರಲ್ಲಿ 109 ಕ್ಯಾಚ್, 2016ರಲ್ಲಿ 107, 2017ರಲ್ಲಿ 109. ಮೂರು ವರ್ಷವೂ ಸಾವಿರ ಯಾರ್ಡ್ ಮೇಲೆ. ವಯಸ್ಸು 32, 33, 34. ಆಮೇಲೆ ಏರಿಯನ್ಸ್ ಹೋದರು, ಪಾಮರ್ ನಿವೃತ್ತರಾದರು, 2018ರಲ್ಲಿ ಹೊಸ ಹುಡುಗ ಚೆಂಡು ಎಸೆದ. 69 ಕ್ಯಾಚ್.

ಗ್ರೀನ್ ಕಥೆ ಬೇರೆ. ಅದೇ 2020, ಅದೇ ಸಿನ್ಸಿನಾಟಿ ತಂಡ, ಅದೇ ಕೈಗಳು ಎಸೆದ ಚೆಂಡು. ಮೊದಲ ವರ್ಷದ ಹುಡುಗ ಟೀ ಹಿಗ್ಗಿನ್ಸ್ 108 ಟಾರ್ಗೆಟ್‌ಗೆ 908 ಯಾರ್ಡ್ ಮಾಡಿದರು. ಟೈಲರ್ ಬಾಯ್ಡ್ 79 ಕ್ಯಾಚ್ ಹಿಡಿದರು. ಸುಮಾರು ಅಷ್ಟೇ ಟಾರ್ಗೆಟ್ ಸಿಕ್ಕ ಗ್ರೀನ್‌ಗೆ ಆಗಲಿಲ್ಲ. ಕಣಕಾಲಿನ ಗಾಯದಿಂದ 2019 ಪೂರ್ತಿ ಹೊರಗಿದ್ದವರು ಅವರು. ಕಾವಲಿಗೆ ನಿಂತ ಕಾರ್ನರ್‌ಬ್ಯಾಕ್‌ನಿಂದ ಬಿಡಿಸಿಕೊಂಡು ಹೋಗುವ ಆ ಹಳೆಯ ಹೆಜ್ಜೆ ಮೊದಲಿನಂತೆ ಇರಲಿಲ್ಲ. ಆದ್ದರಿಂದ ಹಿರಿಯ ಆಟಗಾರನ ಅಂಕಿ ನೋಡುವಾಗ ಅವನ ಪಕ್ಕದವರ ಅಂಕಿಯನ್ನೂ ನೋಡಲೇಬೇಕು. ಎಲ್ಲರೂ ಮುಳುಗಿದ್ದರೆ ತಪ್ಪು ಬೇರೆ ಕಡೆ ಇದೆ. ಇವನೊಬ್ಬನೇ ಮುಳುಗಿದ್ದರೆ ಹುಷಾರು.

ಇನ್ನು ಆಟದ ಬಗೆ. ನಮ್ಮವರಿಗೆ ಕ್ರಿಕೆಟ್‌ನಲ್ಲಿ ಹೇಳಿದರೆ ಬೇಗ ಹಿಡಿಯುತ್ತದೆ. ಶ್ರೀನಾಥ್ 33ಕ್ಕೆ ಆಟ ಮುಗಿಸಿದರು, ಕುಂಬ್ಳೆ 38ರ ತನಕ ಟೆಸ್ಟ್ ಆಡಿದರು. ರಿಸೀವರ್‌ಗಳಲ್ಲೂ ಹಾಗೇ. ಬರೀ ವೇಗದಿಂದ ಗೆಲ್ಲುವವನಿಗೆ ಅರ್ಧ ಹೆಜ್ಜೆ ಕಮ್ಮಿಯಾದರೂ ಆಟವೇ ಬದಲಾಗುತ್ತದೆ. ರೂಟ್ ಓಡುವ ಜಾಣತನ, ಕೈಯ ಹಿಡಿತ, ಗೋಲ್ ಲೈನ್ ಹತ್ತಿರ ಮೈ ಅಡ್ಡ ಇಟ್ಟು ಚೆಂಡು ಕಸಿಯುವ ಕಲೆ, ಇವೆಲ್ಲ ತಡವಾಗಿ ಮಾಸುತ್ತವೆ. ಜೆರ್ರಿ ರೈಸ್ 2002ರಲ್ಲಿ ನಲವತ್ತನೇ ವಯಸ್ಸಿಗೆ ಕಾಲಿಟ್ಟ ಸೀಸನ್‌ನಲ್ಲೇ 92 ಕ್ಯಾಚ್, 1,211 ಯಾರ್ಡ್ ಮಾಡಿದರು. ಅವರು ಯಾವತ್ತೂ ಲೀಗ್‌ನ ಅತಿ ವೇಗದ ಓಟಗಾರ ಆಗಿರಲಿಲ್ಲ. ಇನ್ನೊಂದು ಕಡೆ ಟೈರೀಕ್ ಹಿಲ್. 2023ರಲ್ಲಿ 1,799 ಯಾರ್ಡ್, ಮೂವತ್ತು ತುಂಬಿದ 2024ರಲ್ಲಿ 959. ಅಲ್ಲಿ ಕಾಲು ಒಂದೇ ಕಾರಣ ಅಲ್ಲ. ಮಣಿಕಟ್ಟು ನೋವಿತ್ತು, ಅವರ ತಂಡದ ಕ್ವಾರ್ಟರ್‌ಬ್ಯಾಕ್ ಟುವಾ ತಲೆಗೆ ಪೆಟ್ಟಾಗಿ ನಾಲ್ಕು ಪಂದ್ಯ ಆಡಲಿಲ್ಲ. ಆದರೂ ವೇಗದ ಆಟಗಾರನನ್ನು ಮೊದಲ ರೌಂಡ್‌ನ ಬೆಲೆಗೆ ತಗೊಂಡಾಗ ಇಂಥ ಸಣ್ಣಪುಟ್ಟ ತೊಂದರೆಗೂ ಜಾಗ ಇರುವುದಿಲ್ಲ.

ಗಾಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮತ್ತೆ ಮತ್ತೆ ಹಿಡಿದುಕೊಳ್ಳುತ್ತದೆ. ಜೂಲಿಯೋ ಜೋನ್ಸ್ 2020ರಲ್ಲಿ 9 ಪಂದ್ಯ ಆಡಿ 771 ಯಾರ್ಡ್ ಮಾಡಿದ್ದರು. ಪಂದ್ಯಕ್ಕೆ 85ಕ್ಕೂ ಜಾಸ್ತಿ! ಆ ಸರಾಸರಿ ನೋಡಿ, ಟೆನೆಸ್ಸಿಗೆ ಹೋದ ಮೇಲೆ ಪೂರ್ತಿ ಸೀಸನ್ ಹಾಗೇ ಆಡುತ್ತಾರೆ ಅಂತ ಎಷ್ಟೋ ಜನ ಲೆಕ್ಕ ಹಾಕಿದರು. 2021ರಲ್ಲಿ ಅದೇ ಹ್ಯಾಮ್‌ಸ್ಟ್ರಿಂಗ್ ಮತ್ತೆ ಕಾಡಿತು. 10 ಪಂದ್ಯ, 434 ಯಾರ್ಡ್, ಒಂದೇ ಟಚ್‌ಡೌನ್. ಆಡಿದ ಪಂದ್ಯದ ಸರಾಸರಿ ಚೆನ್ನಾಗಿದೆ ಅಂತ ಆಡದ ಪಂದ್ಯಗಳನ್ನು ಮರೆಯಬೇಡಿ. ಒಂದೇ ಜಾಗದ ಸ್ನಾಯು ನೋವು ಎರಡು ಸೀಸನ್ ಬಂದಿದ್ದರೆ, 17 ಪಂದ್ಯದಲ್ಲಿ ಅವನು 12 ಆಡುತ್ತಾನೆ ಅಂತಲೇ ಲೆಕ್ಕ ಇಟ್ಟುಕೊಂಡು ಬೆಲೆ ಕಟ್ಟಿ.

ಆ 12 ಯಾವುವು ಅನ್ನುವುದೂ ಮುಖ್ಯ. ರಿಸೀವರ್ ಕೂಪರ್ ಕಪ್ ಅವರದು 2024ರಲ್ಲಿ ಲಾಸ್ ಏಂಜಲೀಸ್ ರಾಮ್ಸ್ ಪರ 12 ಪಂದ್ಯಕ್ಕೆ 67 ಕ್ಯಾಚ್, 710 ಯಾರ್ಡ್, 6 ಟಚ್‌ಡೌನ್. ಪಿಪಿಆರ್ ಲೆಕ್ಕದಲ್ಲಿ 174 ಅಂಕ, ಪಂದ್ಯಕ್ಕೆ 14.5. ಕೇಳಲು ಬಹಳ ಚೆನ್ನಾಗಿದೆ. ಆದರೆ ಫ್ಯಾಂಟಸಿ ಪ್ಲೇಆಫ್ ಶುರುವಾಗುವ 15ನೇ ವಾರ ಸ್ಯಾನ್ ಫ್ರಾನ್ಸಿಸ್ಕೋ ಎದುರು ಒಂದೂ ಕ್ಯಾಚ್ ಇಲ್ಲ. ಅಷ್ಟು ಹೊತ್ತಿಗೆ ಪುಕಾ ನಕುವಾ ಆ ತಂಡದ ಮೊದಲ ಆಯ್ಕೆ ಆಗಿದ್ದರು.

ಅದಕ್ಕೇ ಸೀಸನ್ ಅಂಕಿಯನ್ನು ಎರಡು ಭಾಗ ಮಾಡಿ ನೋಡಿ. ಸ್ಟೆಫಾನ್ ಡಿಗ್ಸ್ 2023ರಲ್ಲಿ ಬಫಲೋ ಪರ 107 ಕ್ಯಾಚ್, 1,183 ಯಾರ್ಡ್. ಮೇಲ್ನೋಟಕ್ಕೆ ಏನೂ ಕೊರತೆ ಇಲ್ಲ. ಬಿಡಿಸಿ ನೋಡಿದರೆ ಮೊದಲ ಆರು ಪಂದ್ಯದಲ್ಲಿ ಐದು ಸಲ ನೂರು ಯಾರ್ಡ್ ಮುಟ್ಟಿದ್ದಾರೆ, ಆಮೇಲೆ ಆ ಲೀಗ್ ಹಂತ ಮುಗಿಯುವ ತನಕ ಒಂದು ಸಲವೂ ಇಲ್ಲ. ಇಲ್ಲಿಗೇ ನಿಲ್ಲಿಸದೆ ಮತ್ತೆ "ಯಾಕೆ" ಅಂತ ಕೇಳಬೇಕು. ನವೆಂಬರ್‌ನಲ್ಲಿ ಅಟ್ಯಾಕ್ ನೋಡಿಕೊಳ್ಳುತ್ತಿದ್ದ ಕೋಚ್ ಕೆನ್ ಡಾರ್ಸಿಯನ್ನು ತೆಗೆದರು, ಜೋ ಬ್ರೇಡಿ ಬಂದ ಮೇಲೆ ತಂಡ ಚೆಂಡು ಹಿಡಿದು ಓಡುವುದರ ಕಡೆ ವಾಲಿತು. ಅಂದರೆ ಕುಸಿತದಲ್ಲಿ ಒಂದು ಪಾಲು ಕಾಲಿನದು ಇರಬಹುದು, ಒಂದು ಪಾಲು ಖಂಡಿತ ತಂಡದ್ದು. ಮುಂದೆ ಹ್ಯೂಸ್ಟನ್‌ನಲ್ಲಿ ಮಂಡಿಯ ಎಸಿಎಲ್ ಹರಿದುಕೊಂಡು, ಅದರ ಮರು ಸೀಸನ್‌ನಲ್ಲೇ ನ್ಯೂ ಇಂಗ್ಲೆಂಡ್ ಪರ ಅವರು ಮತ್ತೆ ಸಾವಿರ ಯಾರ್ಡ್ ದಾಟಿದರು.

ನಿಮ್ಮದು ಪಿಪಿಆರ್ ಅಂದಿರಿ, ಅದು ಹಿರಿಯ ಆಟಗಾರರಿಗೆ ದೊಡ್ಡ ಅನುಕೂಲ. ಆಡಂ ಥೀಲನ್ 2023ರಲ್ಲಿ 33ನೇ ವಯಸ್ಸಿನಲ್ಲಿ, ಏನೂ ಸರಿಯಿಲ್ಲದ ಕ್ಯಾರೊಲೈನಾ ತಂಡದಲ್ಲಿ 103 ಕ್ಯಾಚ್, 1,014 ಯಾರ್ಡ್, 4 ಟಚ್‌ಡೌನ್ ಮಾಡಿದರು. ಪಿಪಿಆರ್‌ನಲ್ಲಿ ಇದು 228 ಅಂಕ. ಕ್ಯಾಚ್‌ಗೆ ಅಂಕ ಇಲ್ಲದ ಲೀಗ್‌ನಲ್ಲಿ ಬರೀ 125. ಮೈಕ್ ಎವನ್ಸ್ 2024ರಲ್ಲಿ 14 ಪಂದ್ಯಕ್ಕೆ 74 ಕ್ಯಾಚ್, 1,004 ಯಾರ್ಡ್, 11 ಟಚ್‌ಡೌನ್. ಪಿಪಿಆರ್‌ನಲ್ಲಿ 240, ಹಳೆ ಪದ್ಧತಿಯಲ್ಲಿ 166. ನಿಮ್ಮ ಲೀಗ್‌ನಲ್ಲಿ ಇಬ್ಬರಿಗೂ 12 ಅಂಕದ ಅಂತರ, ಕ್ಯಾಚ್‌ಗೆ ಅಂಕ ಕೊಡದ ಲೀಗ್‌ನಲ್ಲಿ 41. ಆದ್ದರಿಂದ ಸ್ಲಾಟ್‌ನಲ್ಲಿ ನಿಂತು ಏಳೆಂಟು ಯಾರ್ಡ್‌ನ ಚೆಂಡು ಹಿಡಿಯುವ ಹಿರಿಯನನ್ನು ನೀವು ಧೈರ್ಯವಾಗಿ ತಗೊಳ್ಳಬಹುದು. ಎಲ್ಲೋ ಓದಿದ ಪಟ್ಟಿ ನೋಡಿ ಡ್ರಾಫ್ಟ್ ಮಾಡುವ ಮೊದಲು ಅದು ಯಾವ ಪದ್ಧತಿಗೆ ಮಾಡಿದ ಪಟ್ಟಿ ಅಂತ ನೋಡಿಕೊಳ್ಳಿ.

ಬೆಲೆ ವಿಷಯಕ್ಕೆ ಬರೋಣ. ಹಿಲ್ 2024ರಲ್ಲಿ ಕ್ಯಾಚ್ ಲೆಕ್ಕದಲ್ಲೇ ಸುಮಾರು 213 ಅಂಕ ಗಳಿಸಿದರು. ಐದನೇ ರೌಂಡ್‌ನಲ್ಲಿ ತಗೊಂಡಿದ್ದರೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮೊದಲ ರೌಂಡ್‌ನಲ್ಲಿ ತಗೊಂಡವರಿಗೆ ಸೀಸನ್ನೇ ಹೋಯಿತು. ಅದೇ ವರ್ಷ ದವಾಂಟೆ ಆಡಮ್ಸ್, ನಡುವೆ ತಂಡ ಬದಲಾಯಿಸಿಯೂ, 85 ಕ್ಯಾಚ್, 1,063 ಯಾರ್ಡ್, 8 ಟಚ್‌ಡೌನ್‌ನಿಂದ 239 ಅಂಕ ಕೊಟ್ಟರು. ನಾನಾದರೆ ಮೊದಲ ಎರಡು ರೌಂಡ್‌ನಲ್ಲಿ ಮೂವತ್ತು ದಾಟಿದವರನ್ನು ಮುಟ್ಟುವುದಿಲ್ಲ. ಅಲ್ಲಿ ಎಲ್ಲ ಸರಿಹೋದರೆ ಮಾತ್ರ ಕೊಟ್ಟ ಬೆಲೆ ವಾಪಸ್ ಬರುತ್ತದೆ, ಅದಕ್ಕಿಂತ ಮೇಲೆ ಏನೂ ಸಿಗುವುದಿಲ್ಲ. ನಾಲ್ಕನೇ ರೌಂಡ್ ಮುಗಿದ ಮೇಲೆ ಕಣ್ಣಿಡುತ್ತೇನೆ. ಎಡಿಪಿ (ಒಬ್ಬ ಆಟಗಾರ ಡ್ರಾಫ್ಟ್‌ಗಳಲ್ಲಿ ಸರಾಸರಿ ಎಷ್ಟನೆಯವನಾಗಿ ಹೋಗುತ್ತಾನೆ ಅನ್ನುವ ಅಂಕಿ) ನೋಡಿ, ಅದಕ್ಕಿಂತ ಅರ್ಧ ರೌಂಡ್ ಕೆಳಗೆ ಜಾರಿದರೆ ತಗೊಳ್ಳುತ್ತೇನೆ. ಒಬ್ಬ ಹಿರಿಯನನ್ನು ತಗೊಂಡ ಮೇಲೆ ಮುಂದಿನ ರಿಸೀವರ್ ಎರಡನೇ ವರ್ಷದ ಹುಡುಗ ಆಗಿರಲಿ. ಮೂವರು ಹಿರಿಯರನ್ನು ಸೇರಿಸಿಕೊಂಡರೆ ನವೆಂಬರ್‌ನಲ್ಲಿ ಮೂವರ ಗಾಯದ ವರದಿಯನ್ನೂ ಒಟ್ಟಿಗೆ ಓದಬೇಕಾಗುತ್ತದೆ.

ಬೇಸಿಗೆಯ ಸುದ್ದಿಗಳಲ್ಲಿ "ಇಪ್ಪತ್ತೈದರ ಹುಡುಗನ ಹಾಗೆ ಓಡುತ್ತಿದ್ದಾನೆ" ಅನ್ನುವುದನ್ನು ಪಕ್ಕಕ್ಕಿಡಿ. ಪ್ರತಿ ವರ್ಷ ಪ್ರತಿ ಕೋಚ್ ಹೇಳುವ ಮಾತು ಅದು. ತಂಡ ಏನು ಮಾಡಿದೆ ನೋಡಿ. ತಂಡಗಳು ಹೊಸ ಹುಡುಗರನ್ನು ಆರಿಸುವ ಏಪ್ರಿಲ್‌ನ ಎನ್ಎಫ್ಎಲ್ ಡ್ರಾಫ್ಟ್‌ನಲ್ಲಿ ಮೊದಲ ಎರಡು ರೌಂಡ್‌ನಲ್ಲೇ ರಿಸೀವರ್ ತಂದರಾ? ಇವನ ಒಪ್ಪಂದದಲ್ಲಿ ಗ್ಯಾರಂಟಿ ಹಣ ಇನ್ನೂ ಉಳಿದಿದೆಯಾ? ಬಾಯಿಮಾತಿಗಿಂತ ಅದು ನಂಬಿಕೆಗೆ ಅರ್ಹ.

ಸೀಸನ್ ಶುರುವಾದ ಮೇಲೆ ಬುಧವಾರದ ಅಭ್ಯಾಸ ಪಟ್ಟಿಯಲ್ಲಿ ಅವನ ಹೆಸರು ಇಲ್ಲದಿದ್ದರೆ ಸುಮ್ನೆ ಗಾಬರಿ ಆಗಬೇಡಿ. ಹಿರಿಯರಿಗೆ ಆ ದಿನ ವಿಶ್ರಾಂತಿ ಕೊಡುವುದು ಮಾಮೂಲು. ಗುರುವಾರ ಅರ್ಧ ಅಭ್ಯಾಸ, ಶುಕ್ರವಾರ ಪೂರ್ತಿ ಗೈರು ಅಂತ ಬಂದರೆ ಆಗ ಬದಲಿ ಹುಡುಕಿ. ಆಡದವರ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮೊದಲು ಬರುತ್ತದೆ. ಬೆಂಗಳೂರಿನಿಂದ ಆಡುವ ನಮ್ಮ ಸದಸ್ಯರಿಗೆ, ಭಾನುವಾರದ ಮೊದಲ ಪಂದ್ಯಗಳ ಪಟ್ಟಿ ರಾತ್ರಿ 9ಕ್ಕೆ, ನವೆಂಬರ್‌ನಲ್ಲಿ ಅಮೆರಿಕದಲ್ಲಿ ಗಡಿಯಾರ ಬದಲಾದ ಮೇಲೆ 10ಕ್ಕೆ. ಊಟ ಮುಗಿಸಿ ಒಂದು ಸಲ ನೋಡಿಯೇ ಮಲಗಿ. ಹಿರಿಯನ ಪಂದ್ಯ ಸೋಮವಾರ ರಾತ್ರಿ ಇದ್ದರೆ, ಅದೇ ಪಂದ್ಯದಲ್ಲಿ ಆಡುವ ಇನ್ನೊಬ್ಬನನ್ನು ಬೆಂಚ್‌ನಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸೊನ್ನೆ ಹಾಕಿಕೊಳ್ಳಬೇಕಾಗುತ್ತದೆ.

ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಡೈನಾಸ್ಟಿ ಲೀಗ್ ಬಗ್ಗೆ ಇನ್ನೊಬ್ಬರು ಕೇಳಿದ್ದರು. ಅಲ್ಲಿ ಮೇಲಿನದ್ದೆಲ್ಲ ತಿರುಗುಮುರುಗು. ಕಪ್ ಗೆಲ್ಲುವ ತಂಡ ನಿಮ್ಮಲ್ಲಿ ಇದ್ದರೆ ಮಾತ್ರ ಹಿರಿಯನನ್ನು ಕೊಳ್ಳಿ. ಮಾರುವುದಾದರೆ ಅಕ್ಟೋಬರ್‌ನಲ್ಲಿ, ಎರಡು ಒಳ್ಳೆಯ ವಾರ ಆದ ಕೂಡಲೇ ಮಾರಿ. ಸೀಸನ್ ಮುಗಿದ ಮೇಲೆ ಕೇಳುವವರು ಇರುವುದಿಲ್ಲ.

ನಿಮ್ಮ ಲೀಗ್‌ನಲ್ಲಿ ಗಾಯಾಳುಗಳಿಗೆ ಐಆರ್ ಜಾಗ ಎಷ್ಟಿದೆ, ಬೆಂಚ್ ಎಷ್ಟು ಅಂತ ಬರೆದಿಲ್ಲ. ಎರಡು ಐಆರ್ ಜಾಗ ಇದ್ದರೆ ನಾನು ಹೇಳಿದ್ದಕ್ಕಿಂತ ಒಂದು ರೌಂಡ್ ಮೊದಲೇ ಹಿರಿಯರ ಕಡೆ ಹೋಗಬಹುದು. ನಿಮ್ಮ ಪಿಕ್ ನಂಬರ್ ಜೊತೆಗೆ, ನೀವು ಹೊಡೆದು ಹಾಕಿದ ಹೆಸರುಗಳನ್ನೂ ಇಲ್ಲಿ ಹಾಕಿ. ಒಬ್ಬೊಬ್ಬರದೂ ನೋಡೋಣ.