ಅಮೆರಿಕದ ಪ್ರೈಮರಿಯಲ್ಲಿ ಗೆಲ್ಲುವ ಇಮೇಜ್ ಇರುವ ಅಭ್ಯರ್ಥಿಯನ್ನು ಮೊದಲೇ ಗುರುತಿಸುವುದು ಹೇಗೆ?

ಬಾಸ್ಟನ್‌ನಲ್ಲಿ ಎಂಎಸ್ ಓದುತ್ತಿದ್ದೀರಿ, 2028ರ ಪ್ರೈಮರಿಗೆ (ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಅಂತ ರಾಜ್ಯದ ಮತದಾರರು ಆರಿಸುವ ಓಟು) ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ ಯಾರಾದರೊಬ್ಬರ ಪರ ಮನೆಮನೆ ಸುತ್ತಬೇಕು ಅಂತಿದ್ದೀರಿ, ಆದರೆ ಸೋಲುವವರ ಹಿಂದೆ ಅಲೆಯಲು ಮನಸ್ಸಿಲ್ಲ. ಡಿಬೇಟ್ ನೋಡಿದ ಜನರ ರಿಯಾಕ್ಷನ್ ಮೇಲೆ ಯಾರಿಗೆ ಗೆಲ್ಲುವ ಇಮೇಜ್ ಇದೆ ಅಂತ ಹೇಳಬಹುದಾ ಅಂತ ಕೇಳಿದ್ದೀರಿ. ಹೇಳಬಹುದು ಅಂತಲೇ 2008ರಲ್ಲಿ ನಾನೂ ನಂಬಿದ್ದೆ.

ಆಗ ನಾನಿದ್ದದ್ದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾದಲ್ಲಿ. ಮ್ಯಾಸಚೂಸೆಟ್ಸ್ ಗಡಿ ದಾಟಿದ ಕೂಡಲೇ ಸಿಗುವ ಊರು, ನಮ್ಮವರೂ ಜಾಸ್ತಿ. ಎಚ್‌-1ಬಿ ವೀಸಾ, ಹಾಗಾಗಿ ಓಟಿಲ್ಲ. ಆದರೂ ಕೈಕಟ್ಟಿ ಕೂರಲು ಆಗಲಿಲ್ಲ. ಜನವರಿ 3ಕ್ಕೆ, ಎಲ್ಲಕ್ಕಿಂತ ಮೊದಲು ಓಟು ನಡೆದ ಐಯೋವಾ ರಾಜ್ಯದಲ್ಲಿ, ಡೆಮಾಕ್ರಟಿಕ್ ಪಕ್ಷದ ಕಡೆಯಿಂದ ಒಬಾಮಾ ಗೆದ್ದಿದ್ದರು, ಹಿಲರಿ ಕ್ಲಿಂಟನ್ ಮೂರನೇ ಸ್ಥಾನಕ್ಕೆ ಇಳಿದಿದ್ದರು. ನಮ್ಮ ರಾಜ್ಯದ ಓಟು 8ಕ್ಕೆ. ಒಬಾಮಾ ಪರ ಬೀದಿ ಸುತ್ತುವವರ ಜೊತೆ ನಾನೂ ಸೇರಿಕೊಂಡೆ. ಕ್ಲಿಪ್‌ಬೋರ್ಡು, ಮನೆಗಳ ಪಟ್ಟಿ, ಪೆನ್ಸಿಲ್ಲು. ಪೆನ್ ಬೇಡ, ಚಳಿಗೆ ಇಂಕು ಬರಲ್ಲ ಅಂತ ಮೊದಲ ದಿನವೇ ಹೇಳಿದ್ದರು.

5ನೇ ತಾರೀಕು, ಶನಿವಾರ, ಸೇಂಟ್ ಆನ್ಸೆಲ್ಮ್ ಕಾಲೇಜಿನಲ್ಲಿ ಡಿಬೇಟ್. ಜನಕ್ಕೆ ನಿಮ್ಮ ಅನುಭವ ಇಷ್ಟ, ಆದರೆ ಒಬಾಮಾ ಅಂದರೆ ಇನ್ನೂ ಜಾಸ್ತಿ ಇಷ್ಟ, ಇದಕ್ಕೇನಂತೀರಿ ಅಂತ ಹಿಲರಿಯನ್ನು ಕೇಳಿದರು. ಆಕೆ ನಗುತ್ತಲೇ, ಮನಸ್ಸಿಗೆ ನೋವಾಯ್ತು ಅಂದರು. ಪಕ್ಕದಲ್ಲಿದ್ದ ಒಬಾಮಾ ತಲೆ ಪೂರ್ತಿ ಎತ್ತದೆ, ಇಷ್ಟ ಆಗುವಷ್ಟು ಇದ್ದೀರಿ ಬಿಡಿ ಹಿಲರಿ, ಅನ್ನೋ ಅರ್ಥದ ಒಂದು ಮಾತು ಹೇಳಿದರು. ನಾವು ಒಟ್ಟಿಗೆ ಕೂತು ನೋಡುತ್ತಿದ್ದ ಕಡೆ ಹುಡುಗರೆಲ್ಲ ಹೋ ಅಂತ ನಕ್ಕರು. ನಾನೂ ನಕ್ಕೆ.

ಮಾರನೇ ದಿನ ಒಂದು ಬಾಗಿಲು ತಟ್ಟಿದೆ. ಅರವತ್ತು ದಾಟಿದ ಹೆಂಗಸು. ಗಾಜಿನ ಹೊರಬಾಗಿಲನ್ನು ಅರ್ಧ ತೆರೆದು, ನಾಯಿ ಹೊರಗೆ ನುಗ್ಗದ ಹಾಗೆ ಕಾಲು ಅಡ್ಡ ಇಟ್ಟುಕೊಂಡು ನಿಂತಿದ್ದರು. ಒಬಾಮಾ ಹೆಸರೆತ್ತಿದ ತಕ್ಷಣ ಮುಖ ಅರಳಿತು. ಎಷ್ಟು ಚೆನ್ನಾಗಿ ಮಾತಾಡ್ತಾನೆ ಅಂದರು. ಐಯೋವಾ ಬಗ್ಗೆ ಖುಷಿಪಟ್ಟರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, ನಿನ್ನೆ ಹಾಗೆ ಹೇಳಬಾರದಿತ್ತು, ಅಲ್ವಾ, ಅಂದರು. ನಾನು ಹೌದೌದು ಅಂತ ತಲೆಯಾಡಿಸಿದೆ. ಅವರು ನಕ್ಕರು, ಈ ಚಳಿಯಲ್ಲಿ ಬಂದಿದ್ದೀಯಲ್ಲಪ್ಪಾ ಅಂತ ಮರುಕಪಟ್ಟರು. ಗೇಟು ದಾಟಿ ಅವರ ಹೆಸರಿನ ಮುಂದೆ 1 ಅಂತ ಬರೆದೆ.

ಈ 1 ಅಂದರೆ ಏನು ಅಂತ ಹೇಳಲೇಬೇಕು, ನನ್ನ ತಪ್ಪೆಲ್ಲ ಇರೋದು ಅದರಲ್ಲೇ. ಪ್ರತಿ ಮತದಾರರಿಗೂ 1ರಿಂದ 5ರವರೆಗೆ ಒಂದು ಅಂಕಿ ಕೊಡಬೇಕು. 1 ಅಂದರೆ ಖಂಡಿತ ನಮ್ಮವರು, 2 ನಮ್ಮ ಕಡೆ ವಾಲಿದವರು, 3 ಇನ್ನೂ ತೀರ್ಮಾನಿಸಿಲ್ಲ, 4 ಆ ಕಡೆ ವಾಲಿದವರು, 5 ಖಂಡಿತ ಆ ಕಡೆಯವರು. ಆ ಹೆಂಗಸು ಸರಿಯಾಗಿ ನೋಡಿದರೆ 3. ಬಾಯಲ್ಲಿ ಹೊಗಳಿಕೆ ಇತ್ತು, ಓಟಿನ ಮಾತೇ ಇರಲಿಲ್ಲ. ನಾನು ಕೇಳಲೂ ಇಲ್ಲ. ಅವರ ಮುಖ ನೋಡಿ ನಾನೇ ಅಂಕಿ ಕೊಟ್ಟೆ. ಇವರೊಬ್ಬರಿಗೇ ಅಲ್ಲ, ನಗುತ್ತಾ ಮಾತಾಡಿದವರಿಗೆಲ್ಲ 1 ಇಲ್ಲವೇ 2 ಹಾಕುತ್ತಾ ಹೋದೆ. ನಗದೆ ಇದ್ದವರಿಗೆ 3. ಪಟ್ಟಿ ನೋಡಿದವರು ನನ್ನ ಬೀದಿಯನ್ನು ನಾವು ಗೆದ್ದೇಬಿಟ್ಟಿದ್ದೇವೆ ಅಂದುಕೊಳ್ಳಬೇಕು.

ಇದರಿಂದ ಏನು ನಷ್ಟ ಅಂತೀರಾ? 3 ಅಂತ ಬರೆದ ಮನೆಗೆ ಇನ್ನೊಬ್ಬರು ಹೋಗುತ್ತಾರೆ, ಕೂತು ಮಾತಾಡುತ್ತಾರೆ, ಅನುಮಾನ ಏನು ಅಂತ ಕೇಳುತ್ತಾರೆ. 1 ಅಂತ ಬರೆದರೆ ಆ ಮನೆಯ ಕೆಲಸ ಮುಗಿಯಿತು. ಮನವೊಲಿಸಲು ಯಾರೂ ಹೋಗಲ್ಲ. ಓಟಿನ ದಿನ ಮಾತ್ರ ಹೋಗುತ್ತಾರೆ, ಬನ್ನಿ ಬೂತಿಗೆ ಹೊರಡಿ ಅಂತ ಎಬ್ಬಿಸಲು. ಅಂದರೆ ತಪ್ಪಾಗಿ ಹಾಕಿದ ಒಂದು 1 ಎರಡು ಕಡೆ ಹೊಡೆಯುತ್ತದೆ. ಒಲಿಯಬಹುದಾಗಿದ್ದವರನ್ನು ಕೈಬಿಡುತ್ತೀರಿ, ಆಮೇಲೆ ಎದುರಾಳಿಯ ಓಟನ್ನು ನೀವೇ ಹೊತ್ತುಕೊಂಡು ಹೋಗಿ ಹಾಕಿಸುತ್ತೀರಿ. ಸುಳ್ಳು 3ರಿಂದ ಇಷ್ಟು ಅನಾಹುತ ಆಗಲ್ಲ.

ನನಗೆ ಇದು ಗೊತ್ತಾಗದೆ ಹೋದದ್ದೇ ವಿಚಿತ್ರ. ತಿಪಟೂರಿನಲ್ಲಿ ನಮ್ಮ ತಾತ ಚುನಾವಣೆ ಬಂದರೆ ಎಲ್ಲ ಪಕ್ಷದವರಿಗೂ ಜಗಲಿಯಲ್ಲಿ ಕಾಫಿ ಕೊಡಿಸಿ, ನಮ್ಮನೆ ಓಟು ನಿಮಗೇ ಅಂತ ಕಳಿಸುತ್ತಿದ್ದರು. ಅಮೆರಿಕದವರು ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳುತ್ತಾರೆ ಅಂತ ಯಾರೋ ತಲೆಗೆ ತುಂಬಿದ್ದರು, ನಂಬಿದ್ದೆ.

ಸೋಮವಾರ ಪೋರ್ಟ್ಸ್‌ಮತ್‌ನ ಒಂದು ಕಾಫಿ ಅಂಗಡಿಯಲ್ಲಿ, ಇದನ್ನೆಲ್ಲ ಹೇಗೆ ತಡ್ಕೊಳ್ತೀರಿ ಅಂತ ಒಬ್ಬ ಮತದಾರರು ಕೇಳಿದಾಗ ಹಿಲರಿಯ ದನಿ ನಡುಗಿತು, ಕಣ್ಣು ಒದ್ದೆಯಾಯಿತು. ಟಿವಿಯಲ್ಲಿ ಇಡೀ ದಿನ ಅದೇ. ನಮ್ಮ ಗುಂಪಿನ ಹಳಬರು 1972ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾಗಲು ನಿಂತಿದ್ದ ಎಡ್ ಮಸ್ಕಿಯ ಕಥೆ ತೆಗೆದರು. ಮ್ಯಾಂಚೆಸ್ಟರ್‌ನಲ್ಲಿ ಪತ್ರಿಕಾ ಕಚೇರಿ ಎದುರು, ಹಿಮ ಬೀಳುವಾಗ, ಹೆಂಡತಿಯ ಬಗ್ಗೆ ಬರೆದದ್ದಕ್ಕೆ ಸಿಟ್ಟಾಗಿ ಮಾತಾಡುತ್ತಾ ಗದ್ಗದಿತರಾದವರು. ಕೆನ್ನೆ ಮೇಲೆ ಇದ್ದದ್ದು ಕಣ್ಣೀರೋ ಕರಗಿದ ಹಿಮವೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಶೇ 46 ಪಡೆದು ಆ ಪ್ರೈಮರಿ ಗೆದ್ದರೂ, ನಿರೀಕ್ಷೆಗಿಂತ ಕಮ್ಮಿ ಅಂತ ಸೋತವರ ಲೆಕ್ಕಕ್ಕೆ ಸೇರಿಬಿಟ್ಟರು. ಹಿಲರಿಯದ್ದೂ ಮುಗೀತು ಅಂದೆವು. ಸಮೀಕ್ಷೆಗಳ ಸರಾಸರಿಯಲ್ಲೂ ಒಬಾಮಾ ಸುಮಾರು 8 ಅಂಕ ಮುಂದಿದ್ದರು.

ಮಂಗಳವಾರ ಜನವರಿಗೆ ಒಪ್ಪದಷ್ಟು ಬೆಚ್ಚಗಿತ್ತು. ಹಿಮ ಕರಗಿ ರಸ್ತೆ ಬದಿಯೆಲ್ಲ ಕೆಸರು. ಕಾರು ಬೇಕು ಅಂದಿದ್ದವರನ್ನು ಬೂತಿಗೆ ಕರೆದೊಯ್ಯುವ ಕೆಲಸ ನನ್ನದು. ನಾಯಿಗೆ ಕಾಲು ಅಡ್ಡ ಇಟ್ಟಿದ್ದ ಆ ಹೆಂಗಸೂ ಪಟ್ಟಿಯಲ್ಲಿದ್ದರು. ಓಟು ಹಾಕಿ ಬಂದು ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತಾ, ಬೇಜಾರು ಮಾಡ್ಕೋಬೇಡ ಕಣಪ್ಪಾ, ಕೊನೇ ಗಳಿಗೆಯಲ್ಲಿ ಹಿಲರಿಗೆ ಹಾಕಿಬಿಟ್ಟೆ ಅಂದರು. ಪಾಪ, ಎಲ್ಲರೂ ಸೇರಿ ಆಕೆಯನ್ನು ಮುಗಿಸೋಕೆ ನೋಡ್ತಿದ್ದಾರೆ ಅಂತ ಕಾರಣವನ್ನೂ ಕೊಟ್ಟರು. ನನ್ನ ಪೆಟ್ರೋಲು, ನನ್ನ ರಜೆ. ಇನ್ನೊಬ್ಬರಂತೂ, ಒಬಾಮಾ ಹೇಗೂ ಗೆಲ್ತಾರಂತೆ, ಅದಕ್ಕೆ ರಿಪಬ್ಲಿಕನ್ ಬ್ಯಾಲಟ್ ತಗೊಂಡು ಮೆಕೇನ್‌ಗೆ ಹಾಕಿದೆ ಅಂದರು. ಆ ರಾಜ್ಯದಲ್ಲಿ ಯಾವ ಪಕ್ಷಕ್ಕೂ ನೋಂದಾಯಿಸದವರು ಬೂತಿಗೆ ಹೋದ ಮೇಲೆ ಬೇಕಾದ ಪಕ್ಷದ ಬ್ಯಾಲಟ್ ಕೇಳಬಹುದು. ಅವರಿಗೂ ನಾನು ಕೊಟ್ಟದ್ದು 1.

ಹಿಲರಿಗೆ ಶೇ 39, ಒಬಾಮಾಗೆ ಶೇ 36 ಚಿಲ್ಲರೆ. ಅಂತರ ಸುಮಾರು 7,500 ಓಟು. ಐಯೋವಾದಲ್ಲಿ ಹೆಂಗಸರ ಓಟಿನಲ್ಲೂ ಒಬಾಮಾ ಮುಂದಿದ್ದರು, ಇಲ್ಲಿ ಎಕ್ಸಿಟ್ ಪೋಲ್ ಪ್ರಕಾರ ಹಿಲರಿಗೆ 46, ಒಬಾಮಾಗೆ 34. ಕಣ್ಣೀರೇ ಗೆಲ್ಲಿಸಿತು ಅಂತ ಆಮೇಲೆ ಬರೆದವರನ್ನೂ ನಾನು ಪೂರ್ತಿ ನಂಬಲ್ಲ. ಸಮೀಕ್ಷೆ ಯಾಕೆ ತಪ್ಪಿತು ಅಂತ ಪರಿಶೀಲಿಸಿದ ಸಮೀಕ್ಷಾ ತಜ್ಞರ ಸಂಘಕ್ಕೇ ಒಂದು ಕಾರಣಕ್ಕೆ ಬೆರಳಿಡಲು ಆಗಲಿಲ್ಲ. ಬ್ಯಾಲಟ್‌ನಲ್ಲಿ ಹಿಲರಿ ಹೆಸರು ಮೇಲಿತ್ತು ಅನ್ನೋದೂ ಅವರ ಪಟ್ಟಿಯಲ್ಲಿತ್ತು.

ಆ ರಾತ್ರಿ ಒಬಾಮಾ ನಮ್ಮೂರಿನ ಹೈಸ್ಕೂಲ್ ಜಿಮ್‌ನಲ್ಲೇ ಮಾತಾಡಿದರು. ಅದೇ ಪ್ರಸಿದ್ಧ 'ಯೆಸ್ ವಿ ಕ್ಯಾನ್' ಭಾಷಣ. ಗೆಲುವಿನ ಭಾಷಣ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ, ಸೋತ ರಾತ್ರಿಯದ್ದು ಅದು. ಓಟಿನಲ್ಲಿ ಸೋತರೂ ಡೆಲಿಗೇಟ್‌ಗಳು, ಅಂದರೆ ಕೊನೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ಇಬ್ಬರಿಗೂ ಒಂಬತ್ತೊಂಬತ್ತು ಬಂದವು. ಮುಂದಿನದ್ದು ನಿಮಗೇ ಗೊತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. 'ಗೆಲ್ಲುವ ಇಮೇಜ್' ಅಭ್ಯರ್ಥಿಯ ಮುಖದಲ್ಲಿ ಅಂಟಿಕೊಂಡಿರಲ್ಲ. 2020ರಲ್ಲಿ ಟ್ರಂಪ್ ಅವರನ್ನು ಸೋಲಿಸಬಲ್ಲವರು ಅನ್ನೋ ಇಮೇಜ್ ಇದ್ದದ್ದು ಬೈಡನ್‌ಗೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇ ಸ್ಥಾನ, ಶೇ 8 ಚಿಲ್ಲರೆ. ಫಲಿತಾಂಶಕ್ಕೂ ಕಾಯದೆ ಸೌತ್ ಕೆರೊಲಿನಾಗೆ ಹೊರಟುಹೋದರು, ಅಲ್ಲಿ ಗೆದ್ದರು, ಅಧ್ಯಕ್ಷರೂ ಆದರು. ಡಿಬೇಟ್‌ನಿಂದ ಏಟು ಬೀಳೋದೇ ಇಲ್ಲ ಅಂತಲ್ಲ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಮಾರ್ಕೊ ರೂಬಿಯೊ ಅದೇ ಸೇಂಟ್ ಆನ್ಸೆಲ್ಮ್‌ನಲ್ಲಿ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿ ಎದುರಾಳಿ ಕ್ರಿಸ್ ಕ್ರಿಸ್ಟಿ ಕೈಗೆ ಸಿಕ್ಕಿಬಿದ್ದರು, ಐದನೆಯವರಾದರು. ಆದರೆ ಯಾವ ಏಟು ಯಾರಿಗೆ ತಾಗುತ್ತದೆ ಅನ್ನೋದು ಟಿವಿ ಮುಂದೆ ಕೂತ ನಮಗೆ ಕಾಣಲ್ಲ. 2008ರ ಡಿಬೇಟ್‌ನಲ್ಲಿ ನಾವು ನಕ್ಕ ಜಾಗದಲ್ಲೇ ಆ ಹೆಂಗಸಿಗೆ ಮುಜುಗರವಾಗಿತ್ತು.

ನಿಮಗೆ ಯಾರ ಮಾತು ಹಿಡಿಸುತ್ತದೋ ಅವರ ಪರ ಹೋಗಿ. ಸೋತರೆ ಸೋತರು. ಬಾಗಿಲಲ್ಲಿ, ನಮ್ಮ ಅಭ್ಯರ್ಥಿ ಇಷ್ಟಾನಾ ಅಂತ ಕೇಳಬೇಡಿ, ಯಾರೂ ಇಲ್ಲ ಅನ್ನಲ್ಲ. ಇವತ್ತೇ ಓಟಿದ್ದರೆ ಯಾರಿಗೆ ಹಾಕ್ತೀರಿ, ಇನ್ನೊಬ್ಬರು ಯಾರನ್ನಾದರೂ ನೋಡ್ತಿದ್ದೀರಾ ಅಂತ ಕೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. 'ಆದರೆ' ಅಂತ ಶುರು ಮಾಡಿದರೆ 3 ಬರೆಯಿರಿ, ಎಷ್ಟೇ ನಗಲಿ.

ವೀಸಾ ಚಿಂತೆ ಇದ್ದರೆ: ಸಂಬಳ ತಗೊಳ್ಳದೆ ಸ್ವಯಂಸೇವಕರಾಗಿ ಓಡಾಡಲು ಅಡ್ಡಿಯಿಲ್ಲ. ಗ್ರೀನ್ ಕಾರ್ಡ್ ಬರುವ ತನಕ ಒಂದು ಡಾಲರ್ ಕೂಡ ದೇಣಿಗೆ ಕೊಡಬೇಡಿ, ಅದು ಕಾನೂನಿಗೆ ವಿರುದ್ಧ. ಹಣ ಎಲ್ಲಿ ಖರ್ಚು ಮಾಡಬೇಕು ಅನ್ನೋ ತೀರ್ಮಾನಗಳಲ್ಲೂ ಸೇರಿಕೊಳ್ಳುವಂತಿಲ್ಲ. ಮತ್ತೆ ಬೂಟು ಒಂದು ಸೈಜ್ ದೊಡ್ಡದು ತಗೊಳ್ಳಿ, ಎರಡು ಜೊತೆ ಉಣ್ಣೆ ಕಾಲುಚೀಲ ಹಿಡಿಸಬೇಕು.